ಜೀವಕೋಶದ ಕಾವಲುಗಾರ

ಊರಿಗೆ ಕಳ್ಳರು ನುಗ್ಗಿದಾಗ ಮೊದಲ ಮನೆಯವರು ಕೂಗಿಕೊಂಡರೆ ಮಿಕ್ಕ ಮನೆಗಳವರು ಬಾಗಿಲನ್ನು ಭದ್ರಪಡಿಸಿಕೊಳ್ಳುತ್ತಾರೆ. ದೇಹದೊಳಗೂ ಇಂತಹ ಏರ್ಪಾಡೊಂದು ಇದೆಯೆಂಬುದು 1957ರಲ್ಲಿ ಬೆಳಕಿಗೆ ಬಂದಿತು. ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಝಾನ್ ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು, ಕಾಯಿಸಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜ ವೈರಸ್ಸಿನೊಡನೆ ಕೋಳಿಮೊಟ್ಟೆಯೊಳಗಿನ ಪೊರೆಯ ಚೂರುಗಳನ್ನು ದ್ರವದಲ್ಲಿಟ್ಟರು. ಅನಂತರ ಆ ದ್ರವವನ್ನು ಹೊಸ ಪೊರೆಗಳಿಗೆ ಸೋಕಿಸಿ ಜೀವಂತ ವೈರಸ್ಸನ್ನು ಬಿಟ್ಟಾಗ, ಅದರ ಬೆಳವಣಿಗೆಗೆ ತಡೆಯೊದಗಿತು. ಮೊದಲ ಪೊರೆಯ ಜೀವಕೋಶಗಳು ಹೊರಸೂಸಿದ ವಸ್ತುವೊಂದು ಈ ಹೊಸ ಕೋಶಗಳನ್ನು ಎಚ್ಚರಿಸಿತ್ತು. ಅದಕ್ಕೆ ‘ಇಂಟರ್‌ಫೆರಾನ್’ ಎಂದು ಹೆಸರಾಯಿತು.

‘ಪಿ53’ ಎಂಬ ಪ್ರೋಟೀನಿನ ಕಥೆ ಬೇರೆಡೆ ಮೊದಲಾಯಿತು. 1979ರಲ್ಲಿ ಅದನ್ನು ಕಂಡ ವಿಜ್ಞಾನಿಗಳು ಕ್ಯಾನ್ಸರನ್ನು ಬೆಳೆಸುವ ವಸ್ತುವೆಂದೇ ಬಗೆದರು. ಹತ್ತು ವರ್ಷಗಳ ತರುವಾಯ ನಿಜಾಂಶ ಹೊರಬಿದ್ದಿತು. ಅದು ಕ್ಯಾನ್ಸರಿನ ವೈರಿ. ಕೋಶದ ವಂಶತಂತುವಿಗೆ ಪೆಟ್ಟು ಬಿದ್ದರೆ, ಅದು ದುರಸ್ತಿಯಾಗುವವರೆಗೆ ಕೋಶ ಒಡೆದು ಎರಡಾಗದಂತೆ ಪಿ53 ತಡೆಯುತ್ತದೆ. ದುರಸ್ತಿ ಅಸಾಧ್ಯವಾದರೆ ಆ ಕೋಶ ತಾನಾಗಿ ಅಳಿಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪ್ರೋಟೀನಿನ ಜೀನೇ ಕೆಟ್ಟಿರುತ್ತದೆ.

ಈ ಎರಡು ಕಥೆಗಳೂ 2003ರಲ್ಲಿ ಒಂದುಗೂಡಿದವು. ಇಂಟರ್‌ಫೆರಾನಿನ ಕರೆ ಬಂದಾಗ ಕೋಶದಲ್ಲಿ ಪಿ53ರ ಉತ್ಪತ್ತಿ ಹೆಚ್ಚುವುದನ್ನು ಟೋಕಿಯೋದ ತದತ್ಸುಗು ತನಿಗುಚಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ವೈರಸ್ ಹೊಕ್ಕ ಕೋಶವು, ಅದು ವೃದ್ಧಿಯಾಗುವ ಮುನ್ನವೇ ಅಳಿದರೆ ನೆರೆಯ ಕೋಶಗಳು ಉಳಿಯುತ್ತವೆ. ಕ್ಯಾನ್ಸರಿಗೂ ವೈರಸ್ಸಿಗೂ ಕಾವಲುಗಾರನು ಒಬ್ಬನೇ.

ಆದುದರಿಂದ ಕೆಲವು ವೈರಸ್ಸುಗಳು ಮೊದಲು ಈ ಕಾವಲುಗಾರನ ಮೇಲೆಯೇ ಕೈಮಾಡುತ್ತವೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಅಪಾಯಕರ ಬಗೆಗಳು ತಯಾರಿಸುವ ‘ಇ6’ ಎಂಬ ಪ್ರೋಟೀನು ಪಿ53ನ್ನು ನಾಶಕ್ಕೆ ಗುರಿಮಾಡುತ್ತದೆ. ಸೋಂಕು ಬಹುಮಟ್ಟಿಗೆ ಒಂದೆರಡು ವರ್ಷಗಳಲ್ಲಿ ತಾನಾಗಿ ತೊಲಗುವುದುಂಟು. ತೊಲಗದೆ ಬೇರೂರಿದರೆ, ಕಾವಲಿಲ್ಲದ ಕೋಶಗಳಲ್ಲಿ ದೋಷಗಳು ಕೂಡಿಬಂದು ವರ್ಷಗಳ ಮೇಲೆ ಗರ್ಭಕಂಠದ ಕ್ಯಾನ್ಸರ್ ತಲೆದೋರಬಹುದು. ಈ ರೋಗಕ್ಕೂ ವೈರಸ್ಸಿಗೂ ಇರುವ ನಂಟನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಭಾರತದ ಸ್ತ್ರೀಯರನ್ನು ಕಾಡುವ ಕ್ಯಾನ್ಸರುಗಳಲ್ಲಿ ಇದಕ್ಕೆ ಎರಡನೆಯ ಸ್ಥಾನ. ಈ ವೈರಸ್ಸನ್ನು ತಡೆಯುವ ಲಸಿಕೆ 2006ರಿಂದ ಬಳಕೆಯಲ್ಲಿದೆ. ಪುಣೆಯಲ್ಲಿ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. 9ರಿಂದ 14 ವರ್ಷದ ಬಾಲಕಿಯರಿಗೆ ಇದನ್ನು ಹಾಕಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇನ್ನೂ ಮಗುವಾಗಿರುವವಳಿಗೆ ಈಗಲೇ ಏಕೆ ಎಂದು ತಾಯಂದಿರು ಹಿಂಜರಿಯುವುದು ಸಹಜ. ಆದರೆ ಒಳಹೊಕ್ಕ ವೈರಸ್ಸನ್ನು ಹೊರಗಟ್ಟುವ ಶಕ್ತಿ ಲಸಿಕೆಗಿಲ್ಲ. ಹೊಗದಂತೆ ತಡೆಯುವುದಷ್ಟೇ ಅದರ ಕೆಲಸ. ಆ ವಯಸ್ಸು ದಾಟಿ ಬಂದಿರುವ ತಾಯಿಗೂ ದಾರಿಯಿದೆ. ಮೂವತ್ತರ ಮೇಲೆ ಕಾಲಕಾಲಕ್ಕೆ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಂಡರೆ, ಕೆಡುಕು ಕ್ಯಾನ್ಸರಾಗುವ ಮುನ್ನವೇ ಕಣ್ಣಿಗೆ ಬಿದ್ದು ಗುಣವಾಗುತ್ತದೆ. ಕಳ್ಳನು ಬರುವ ಮೊದಲೇ ಬಾಗಿಲಿಗೆ ಅಗುಳಿ ಹಾಕುವುದು ಗೃಹಿಣಿಗೆ ಹೊಸ ಪಾಠವೇನಲ್ಲ.