ಸಾವಿಗೂ ಮೂವತ್ತೇ ದಿನದ ಗಡುವು, ಆಮೇಲೆ ದಂಡ!

ಸಣ್ಣ ಕಂಪನಿಗಳ ನಿರ್ದೇಶಕರು, ಆಡಿಟರುಗಳು, ಕಂಪನಿ ಸೆಕ್ರೆಟರಿಗಳು ಓದಲೇಬೇಕಾದ ಮನವಿ
ಬೆಂಗಳೂರು, 30 ಏಪ್ರಿಲ್ 2021



ನಿನ್ನೆ ಒಂದೇ ದಿನ ಕರ್ನಾಟಕದಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಕೊರೊನಾ ತಗುಲಿದೆ. ಹಾಸಿಗೆ ಸಿಗುತ್ತಿಲ್ಲ, ಆಮ್ಲಜನಕ ಸಿಗುತ್ತಿಲ್ಲ, ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು. ಊರಿಗೆ ಊರೇ ಕರ್ಫ್ಯೂನಲ್ಲಿದೆ. ಆದರೂ ಕಂಪನಿ ಕಾಯ್ದೆಯ ಗಡುವುಗಳು ಒಂದು ದಿನವೂ ಮುಂದೆ ಹೋಗಿಲ್ಲ. ಎಂಎಸ್‌ಎಂಇ-1 ಫಾರಂಗೆ ಇಂದೇ ಕೊನೆಯ ದಿನ!

ಒಬ್ಬ ನಿರ್ದೇಶಕ ತೀರಿಕೊಂಡರೆ ಕಂಪನಿ 30 ದಿನದೊಳಗೆ ನಿರ್ದೇಶಕರ ಬದಲಾವಣೆ ತಿಳಿಸುವ ಡಿಐಆರ್-12 ಫಾರಂ ಹಾಕಬೇಕು. ತಡವಾದರೆ ಶುಲ್ಕ ಎರಡು ಪಟ್ಟು, ನಾಲ್ಕು ಪಟ್ಟು, ಹೀಗೇ ಏರುತ್ತ ಆರು ತಿಂಗಳು ದಾಟಿದ ಮೇಲೆ ಹನ್ನೆರಡು ಪಟ್ಟು. ಐವತ್ತು ಸಾವಿರ ರೂಪಾಯಿ ದಂಡ ಹಾಕುವ ಕಲಂ ಬೇರೆ ಇದೆ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಒಂದು ಶೆಡ್ ಹಾಕಿಕೊಂಡಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಇರುವುದು ಇಬ್ಬರೇ ನಿರ್ದೇಶಕರು, ಗಂಡ ಮತ್ತು ಹೆಂಡತಿ. ಗಂಡ ಹೋದ. ಹೆಂಡತಿಗೂ ಸೋಂಕು. ಮಂಡಳಿಯ ಸಭೆಗೆ ಇಬ್ಬರು ಬೇಕು, ಉಳಿದವಳು ಒಬ್ಬಳು. ಹೊಸಬರನ್ನು ನೇಮಿಸಲು ಡಿಜಿಟಲ್ ಸಹಿ ಬೇಕು, ಗುರುತಿನ ಸಂಖ್ಯೆ ಬೇಕು, ಒಪ್ಪಿಗೆ ಪತ್ರ ಬೇಕು. ಗಂಡನ ಮರಣ ಪ್ರಮಾಣಪತ್ರವೇ ಇನ್ನೂ ಕೈಗೆ ಬಂದಿರುವುದಿಲ್ಲ. ಸೂತಕದ ಮನೆಯಲ್ಲಿ ಕೂತ ಹೆಂಗಸಿಗೆ ದಂಡ ಹಾಕುವುದು ಯಾವ ನ್ಯಾಯ?

ಹೋದ ವರ್ಷ ಮಾರ್ಚ್ 24ರಂದು ಇಡೀ ದೇಶದಲ್ಲಿ ಸೋಂಕಿತರು ಇದ್ದದ್ದು ಸುಮಾರು ಐನೂರು. ಆವತ್ತೇ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಹೊರಡಿಸಿ, ಏಪ್ರಿಲ್‌ನಿಂದ ಸೆಪ್ಟೆಂಬರ್ 30ರವರೆಗೆ ತಡವಾಗಿ ಫೈಲ್ ಮಾಡಿದರೂ ಹೆಚ್ಚುವರಿ ಶುಲ್ಕವಿಲ್ಲ ಎಂದಿತು. ಹಳೆಯ ಬಾಕಿ ತೀರಿಸಲು ತಂದ ಫ್ರೆಶ್ ಸ್ಟಾರ್ಟ್ ಯೋಜನೆಯನ್ನು ಡಿಸೆಂಬರ್ 31ರವರೆಗೂ ಎಳೆಯಿತು. ಅದು ಸರಿಯಾದ ಕೆಲಸ, ನಾವು ಮರೆತಿಲ್ಲ. ಐನೂರು ಜನರಿಗೆ ಸೋಂಕಾದಾಗ ಕೊಟ್ಟ ಕಾಲಾವಕಾಶವನ್ನು ದಿನಕ್ಕೆ ಮೂರೂವರೆ ಲಕ್ಷ ಜನರಿಗೆ ಸೋಂಕಾಗುತ್ತಿರುವಾಗ ಯಾಕೆ ಕೊಡುವುದಿಲ್ಲ?

ಕೊಟ್ಟಿದ್ದಾರೆ, ಬೇರೆಯವರಿಗೆ! ಆದಾಯ ತೆರಿಗೆ ಇಲಾಖೆ ಏಪ್ರಿಲ್ 24ರಂದು, ಹಳೆಯ ಲೆಕ್ಕ ಕೆದಕಿ ನೋಟಿಸು ಕೊಡಲು ತನಗಿದ್ದ ಗಡುವನ್ನೇ ಜೂನ್ 30ಕ್ಕೆ ಮುಂದೂಡಿಕೊಂಡಿತು. ಅಂದರೆ ಸರ್ಕಾರಿ ಅಧಿಕಾರಿಗೆ ಕೊರೊನಾ ಇದೆ, ನಮಗಿಲ್ಲ. ಸುಪ್ರೀಂ ಕೋರ್ಟ್ 27ರಂದು ಮೊಕದ್ದಮೆಗಳ ಕಾಲಮಿತಿಯನ್ನು ಮತ್ತೆ ಸಡಿಲಿಸಿತು. ನಿನ್ನೆ ಸೆಬಿ, ಷೇರುಪೇಟೆಯಲ್ಲಿರುವ ಕಂಪನಿಗಳ ಮಾರ್ಚ್ ಫಲಿತಾಂಶಕ್ಕೆ ಜೂನ್ 30ರವರೆಗೆ ಬಿಡುವು ಕೊಟ್ಟಿತು. ಆ ಕಂಪನಿಗಳಲ್ಲಿ ಲೆಕ್ಕ ಬರೆಯಲು ಒಂದು ವಿಭಾಗವೇ ಇದೆ, ಕಾನೂನಿಗೆ ಇನ್ನೊಂದು ವಿಭಾಗ. ನಮ್ಮ ಶೆಡ್ಡಿನಲ್ಲಿ ಇರುವುದು ವಾರಕ್ಕೊಮ್ಮೆ ಬರುವ ಒಬ್ಬ ಅಕೌಂಟೆಂಟ್. ಅವನೂ ಈಗ ಮನೆಯಲ್ಲಿ ಕೆಮ್ಮುತ್ತ ಮಲಗಿದ್ದಾನೆ.

ದೊಡ್ಡ ಉದ್ಯಮಿಗಳ ಸಂಘಗಳಿಗೂ ಒಂದು ಮಾತು. ಸದಸ್ಯತ್ವದ ಲೆಕ್ಕ ತೋರಿಸುವಾಗ ನಿಮಗೆ ಸಣ್ಣ ಕಂಪನಿ ಬೇಕು. ನಿಮ್ಮ ಕೆಲಸ ಆದ ಮೇಲೆ ನಮ್ಮ ಹೆಸರೆತ್ತಲು ನಾಲಿಗೆ ಏಳುವುದಿಲ್ಲ. ಕೆಲವು ಆಡಿಟರುಗಳೂ ಕಮ್ಮಿಯಿಲ್ಲ. "ನಮ್ಮ ಕಕ್ಷಿದಾರರ ಫಾರಂ ಎಲ್ಲ ಆಗಿದೆ" ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆರೆಯುವವರೇ, ನಿಮ್ಮ ಕಚೇರಿಯ ಹುಡುಗರನ್ನು ಈ ಸೋಂಕಿನಲ್ಲಿ ಬಸ್ಸು ಹತ್ತಿಸಿ ಕರೆಸಿದ್ದನ್ನೂ ಅದೇ ಗುಂಪಿನಲ್ಲಿ ಬರೆಯಿರಿ.

"ಎಲ್ಲ ಆನ್‌ಲೈನ್ ತಾನೇ, ಮನೆಯಲ್ಲೇ ಕೂತು ಹಾಕಿ" ಎಂದು ಬುದ್ಧಿ ಹೇಳುವ ಪಂಡಿತರು ಜೀವಮಾನದಲ್ಲಿ ಒಂದು ಫಾರಂ ತುಂಬಿದವರಲ್ಲ. ಡಿಜಿಟಲ್ ಸಹಿಯ ಟೋಕನ್ ಇರುವುದು ಬೀಗ ಹಾಕಿದ ಆಡಿಟರ್ ಕಚೇರಿಯ ಡ್ರಾಯರಿನಲ್ಲಿ. ಬಿಲ್ಲು, ಬ್ಯಾಂಕ್ ಪತ್ರಗಳು ಇರುವುದು ಶೆಡ್ಡಿನ ಕಪಾಟಿನಲ್ಲಿ. ಸಹಿ ಹಾಕಬೇಕಾದವನು ಐಸಿಯುನಲ್ಲಿ. "ಗಡುವು ಸಡಿಲಿಸಿದರೆ ನಕಲಿ ಕಂಪನಿಗಳು ನುಸುಳುತ್ತವೆ" ಎನ್ನುವವರು ಇನ್ನೊಂದು ಜಾತಿ. ನಕಲಿ ಕಂಪನಿಯವನ ಫಾರಂ ಗಡುವಿಗೆ ಮೊದಲೇ ಸಿದ್ಧವಿರುತ್ತದೆ ಸ್ವಾಮಿ, ಅವನಿಗೆ ಬೇರೆ ಕೆಲಸವೇ ಇಲ್ಲ!

ಎಲ್‌ಎಲ್‌ಪಿ ಎಂಬ ಸೀಮಿತ ಹೊಣೆಯ ಪಾಲುದಾರಿಕೆ ಮಾಡಿಕೊಂಡವರ ಪಾಡೂ ಇದೇ. ಮೇ 30ರೊಳಗೆ ಫಾರಂ 11 ಹೋಗದಿದ್ದರೆ ದಿನಕ್ಕೆ 100 ರೂಪಾಯಿ, ಅದಕ್ಕೆ ಮಿತಿಯೇ ಇಲ್ಲ. ವ್ಯಾಪಾರ ನಿಂತಿದ್ದರೂ 100, ಪಾಲುದಾರ ಸತ್ತಿದ್ದರೂ 100. ಮೂರು ವರ್ಷ ಲೆಕ್ಕಪತ್ರ ಸಲ್ಲಿಸದ ಕಂಪನಿಯ ನಿರ್ದೇಶಕ ಐದು ವರ್ಷ ಅನರ್ಹ. 2017ರಲ್ಲಿ ಹೀಗೆ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಅನರ್ಹಗೊಳಿಸಿದ್ದನ್ನು ಕಂಡವರು ನಾವು. ಇವತ್ತು ತಪ್ಪಿದ ಫಾರಂ ನಾಳೆ ಎಲ್ಲಿಗೆ ಒಯ್ಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಏಪ್ರಿಲ್ 22ರಿಂದ ಕೇಂದ್ರ ಸರ್ಕಾರ ಕೆಲವನ್ನು ಬಿಟ್ಟು ಉಳಿದ ಕೈಗಾರಿಕೆಗಳಿಗೆ ಆಮ್ಲಜನಕ ನಿಲ್ಲಿಸಿತು. ಕಟಿಂಗ್, ವೆಲ್ಡಿಂಗ್ ಶೆಡ್ಡುಗಳ ಬಾಗಿಲು ಮುಚ್ಚಿತು. ಜೀವ ಉಳಿಯಲಿ ಎಂದು ನಾವು ಒಪ್ಪಿದೆವು, ಪರಿಹಾರ ಕೇಳಲಿಲ್ಲ. ಈಗ ಕೇಳುತ್ತಿರುವುದೂ ದುಡ್ಡಲ್ಲ. ಸಚಿವಾಲಯದವರೇ, ಹೆಚ್ಚುವರಿ ಶುಲ್ಕ ಮನ್ನಾ ಮಾಡಿ, ಬದುಕಿಕೊಳ್ಳುವಷ್ಟು ಸಮಯ ಕೊಡಿ. ಎಷ್ಟು ದಿನ ಎಂಬುದನ್ನು ಈ ರೋಗ ನೋಡಿ ನೀವೇ ನಿರ್ಧರಿಸಿ.

ಕಾರ್ಪೊರೇಟ್ ವ್ಯವಹಾರಗಳ ಸಚಿವೆ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಗೆ ಆರಿಸಿ ಹೋದದ್ದು ಕರ್ನಾಟಕದಿಂದ. ಅವರಿಗೆ ಕನ್ನಡದಲ್ಲೇ ಬರೆಯಿರಿ. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕಂಪನಿ ರಿಜಿಸ್ಟ್ರಾರರಿಗೂ, ನಿಮ್ಮ ಸಂಸದರಿಗೂ ಬರೆಯಿರಿ. ನಿಮ್ಮ ಕಂಪನಿಯಲ್ಲಿ ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರು ತೀರಿಕೊಂಡರು, ಯಾವ ಫಾರಂ ಬಾಕಿ ಎಂದು ತಿಳಿಸಿ. ಈ ಕರಪತ್ರ ಓದಿದ ಮೇಲೆ ಪಕ್ಕದ ಶೆಡ್ಡಿನವರಿಗೆ ಕೊಡಿ. ಪತ್ರ ಇವತ್ತೇ ಹೋಗಲಿ.