ಥೈರಾಯ್ಡ್ ಮಾತ್ರೆಯಿಂದ ರಕ್ತನಾಳ ಊದಿಕೊಳ್ಳುತ್ತದೆಯೇ? ಯಾವ ಮಾತ್ರೆ ಅಂತ ಮೊದಲು ನೋಡಿ

“ಥೈರಾಯ್ಡ್ ಮಾತ್ರೆ ತಗೊಂಡ್ರೆ ರಕ್ತನಾಳ ಊದಿಕೊಂಡು ಕಿಡ್ನಿ ಹಾಳಾಗುತ್ತೆ, ಇವತ್ತೇ ನಿಲ್ಲಿಸಿ” ಎಂಬ ಫಾರ್ವರ್ಡ್ ನಮ್ಮ ಮನೆಯ ಗ್ರೂಪಿಗೂ ಬಂತು. ವರ್ಷಗಳಿಂದ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವ ಚಿಕ್ಕಮ್ಮ ಎರಡು ದಿನ ಅದನ್ನು ಮುಟ್ಟಲಿಲ್ಲ. ಈ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ಉತ್ತರ ಸುಲಭವಿತ್ತು. ಅದರಲ್ಲಿರುವ ಅಡ್ಡಪರಿಣಾಮ ನಿಜ, ಆದರೆ ಅದು ಬೇರೆ ಮಾತ್ರೆಯದು.

ಥೈರಾಯ್ಡ್‌ಗೆ ಕೊಡುವ ಮಾತ್ರೆಗಳಲ್ಲಿ ಮುಖ್ಯವಾಗಿ ಎರಡು ಬಗೆ, ಕೆಲಸ ತದ್ವಿರುದ್ಧ. ಹಾರ್ಮೋನು ಕಡಿಮೆ ಇರುವವರಿಗೆ ಲಿವೋಥೈರಾಕ್ಸಿನ್. ದೇಹ ತಾನೇ ತಯಾರಿಸಬೇಕಿದ್ದ ಹಾರ್ಮೋನನ್ನು ಇದು ತುಂಬಿಕೊಡುತ್ತದೆ, ಹೆಚ್ಚಿನವರು ನುಂಗುವುದು ಇದನ್ನೇ. ಹಾರ್ಮೋನು ಅತಿಯಾದವರಿಗೆ ಅದನ್ನು ತಗ್ಗಿಸಲು ಕಾರ್ಬಿಮಝೋಲ್, ಮೆಥಿಮಝೋಲ್ ಅಥವಾ ಪ್ರೊಪೈಲ್‌ಥಯೋಯುರಾಸಿಲ್. ಈ ಕೊನೆಯದನ್ನು ವೈದ್ಯರು ಪಿಟಿಯು ಅನ್ನುತ್ತಾರೆ. ರಕ್ತನಾಳದ ಉರಿಯೂತ, ಅಂದರೆ ವ್ಯಾಸ್ಕುಲೈಟಿಸ್, ಅಪರೂಪಕ್ಕೆ ಕಾಣಿಸುವುದು ಈ ಎರಡನೇ ಗುಂಪಿನಲ್ಲಿ, ಅದರಲ್ಲೂ ಪಿಟಿಯು ತೆಗೆದುಕೊಳ್ಳುವವರಲ್ಲಿ. 1990ರ ದಶಕದಿಂದ ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಆಗುವುದು ಹೀಗೆ ಎನ್ನುತ್ತಾರೆ ಸಂಶೋಧಕರು: ಔಷಧ ಬಿಳಿ ರಕ್ತಕಣದೊಳಗೆ ಸೇರಿ ಅಲ್ಲಿನ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ ರೂಪ ಬದಲಿಸುತ್ತದೆ. ದೇಹ ಅದನ್ನು ಹೊರಗಿನದೆಂದು ತಿಳಿದು ಪ್ರತಿಕಾಯ ತಯಾರಿಸುತ್ತದೆ. ಕೆರಳಿದ ಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಹಾನಿ ಮಾಡುತ್ತವೆ. ರಕ್ತಪರೀಕ್ಷೆಯಲ್ಲಿ ಈ ಪ್ರತಿಕಾಯ ಕಂಡವರಲ್ಲೂ ಬಹುಪಾಲು ಜನರಿಗೆ ಕಾಯಿಲೆ ಬರುವುದಿಲ್ಲ. ಮಾತ್ರೆ ಶುರುವಾಗಿ ವರ್ಷಗಳ ಮೇಲೂ ಬರಬಹುದು ಅನ್ನುವುದೇ ಇದರ ಕಷ್ಟ, ಯಾರಿಗೂ ಹಳೇ ಮಾತ್ರೆಯ ಮೇಲೆ ಅನುಮಾನ ಬರುವುದಿಲ್ಲ.

ಹಾಗಾಗಿ ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಕಾಲಿನ ಮೇಲೆ ಅಥವಾ ಕಿವಿಯ ಹಾಲೆಯಲ್ಲಿ ನೇರಳೆ ಕಲೆ, ಬಿಡದ ಕೀಲುನೋವು, ಕೆಂಪು ಅಥವಾ ಕಾಫಿ ಬಣ್ಣದ ಮೂತ್ರ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೆಮ್ಮಿದಾಗ ರಕ್ತ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಆ ಔಷಧ ನಿಲ್ಲಿಸಿ ಬೇರೆ ಚಿಕಿತ್ಸೆ ಕೊಡುತ್ತಾರೆ. ಎಷ್ಟೋ ಜನರಿಗೆ ಅಷ್ಟರಿಂದಲೇ ವಾಸಿಯಾಗುತ್ತದೆ, ಕಿಡ್ನಿಗೆ ತಗುಲಿದ್ದರೆ ಸ್ಟೀರಾಯ್ಡ್ ಬೇಕಾಗಬಹುದು. ಜ್ವರ, ಗಂಟಲುನೋವು ಬಂದರೂ ಅಂದೇ ರಕ್ತಪರೀಕ್ಷೆ ಮಾಡಿಸಿ: ಇವೇ ಮಾತ್ರೆಗಳು ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ಏನೂ ಲಕ್ಷಣವಿಲ್ಲದೆ, ಫಾರ್ವರ್ಡ್ ನೋಡಿ ತಾವೇ ನಿಲ್ಲಿಸಿದರೆ ಹಾರ್ಮೋನು ಮತ್ತೆ ಏರಿ ಹೃದಯ ಬಡಿತ ತಪ್ಪಬಹುದು.

ಚಿಕ್ಕಮ್ಮನ ಸ್ಟ್ರಿಪ್ ತಿರುಗಿಸಿ ನೋಡಿದೆವು, ಲಿವೋಥೈರಾಕ್ಸಿನ್. “ಎರಡು ದಿನ ಬಿಟ್ಟರೂ ಏನೂ ಆಗಲಿಲ್ಲವಲ್ಲೇ” ಅಂದರು. ಆ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಸುಸ್ತು, ಮೈಭಾರ, ಮಲಬದ್ಧತೆ ಮರಳುವುದು ವಾರಗಳ ನಂತರ, ಆ ಹೊತ್ತಿಗೆ ಫಾರ್ವರ್ಡ್ ಯಾರಿಗೂ ನೆನಪಿರುವುದಿಲ್ಲ.