ಬಸ್ಸಿನ ಹೊಗೆಯು ಎಲ್ಲಿಗೆ ಹೋಯಿತು?

ನಮ್ಮ ದೊಡ್ಡಆಲಹಳ್ಳಿಯ ಕಡೆಯಿಂದ ವ್ಯಾಸಂಗಕ್ಕಾಗಿಯೂ ಉದ್ಯೋಗಕ್ಕಾಗಿಯೂ ಬೆಂಗಳೂರಿಗೆ ಹೋಗಿರುವ ಪೂರ್ವ ವಿದ್ಯಾರ್ಥಿನಿಯರು, ಆ ನಗರದಲ್ಲಿ ಸಂಚರಿಸುತ್ತಿರುವ ವಿದ್ಯುತ್ ಬಸ್ಸುಗಳನ್ನು ಬಹಳವಾಗಿ ಕೊಂಡಾಡುವುದುಂಟು. ಅವರ ಮೆಚ್ಚಿಕೆಯು ನ್ಯಾಯವಾದುದೇ ಸರಿ. 2021ನೆಯ ಇಸವಿಯ ಕಡೆಯಲ್ಲಿ ಕೆಲವೇ ಆಗಿ ಬಂದ ಈ ವಾಹನಗಳು ಈಗ ಸಾವಿರವನ್ನು ಮೀರಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು 2012ರಲ್ಲಿಯೇ ಸಾರಿತು. ನಿಲ್ದಾಣದಲ್ಲಿ ದಿನವೂ ಕಾದು ನಿಲ್ಲುವ ಹುಡುಗಿಯರಿಗೂ, ಇಡೀ ದಿನ ಆ ಹೊಗೆಯಲ್ಲಿಯೇ ದುಡಿಯುವ ಕಂಡಕ್ಟರುಗಳಿಗೂ ಹೊಗೆಯುಗುಳದ ಬಸ್ಸು ಸಣ್ಣ ಉಪಕಾರವಲ್ಲ.

ಆದರೆ ಬೀದಿಯಿಂದ ಮರೆಯಾದುದು ಲೋಕದಿಂದಲೇ ಮರೆಯಾಯಿತೆಂದು ತಿಳಿಯಲಾಗದು. ನಮ್ಮ ಸೀಮೆಯವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಕೊಳೆಯು ವೃಷಭಾವತಿಯಲ್ಲಿ ಇಳಿದು, ಅರ್ಕಾವತಿಯನ್ನು ಕೂಡಿ, ಕನಕಪುರದ ಮೇಲೆ ಹಾದು, ಸಂಗಮದಲ್ಲಿ ಕಾವೇರಿಯನ್ನು ಸೇರುವುದನ್ನು ಕಂಡವರು ನಾವು. ತನ್ನ ಮನೆಯನ್ನು ಗುಡಿಸಿ ಕಸವನ್ನು ನೆರೆಯವರ ಅಂಗಳಕ್ಕೆ ತಳ್ಳುವುದು ಆ ನಗರಕ್ಕೆ ಹೊಸತಲ್ಲ.

ವಿದ್ಯುತ್ ಬಸ್ಸಿನ ವಿಷಯದಲ್ಲಿ ಆ ಅಂಗಳವು ದೂರದ ರಾಯಚೂರು. ಅಲ್ಲಿ ಕೃಷ್ಣಾತೀರದ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಕೇಂದ್ರವು ಕಲ್ಲಿದ್ದಲನ್ನು ಸುಟ್ಟು, ವಿದ್ಯುತ್ತನ್ನು ನಾಡಿಗೂ ಹಾರುಬೂದಿಯನ್ನು ಸುತ್ತಣ ಹಳ್ಳಿಗಳಿಗೂ ಹಂಚುತ್ತದೆ. (ನಮ್ಮ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಉಚಿತ ಪ್ರಯಾಣವನ್ನು ಒದಗಿಸಿದ ಯೋಜನೆಯ ಹೆಸರೂ 'ಶಕ್ತಿ'ಯೇ ಆಗಿರುವುದು ಕಾಕತಾಳೀಯ.) ಪಾವಗಡದ 2050 ಮೆಗಾವಾಟ್ ಸೌರಕ್ಷೇತ್ರಕ್ಕೆ ಹೊಗೆಯೂ ಇಲ್ಲ, ಬೂದಿಯೂ ಇಲ್ಲ, ಆದರೆ ಸೂರ್ಯನು ಮುಳುಗಿದನೆಂದರೆ ಅದರ ಕೆಲಸವೂ ಮುಗಿಯಿತು. ಬಸ್ಸಾದರೋ ಹಗಲೆಲ್ಲ ಓಡಿ, ರಾತ್ರಿ ಡಿಪೋ ಸೇರಿದ ಮೇಲೆಯೇ ಹೆಚ್ಚಾಗಿ ತನ್ನ ಬ್ಯಾಟರಿಯನ್ನು ತುಂಬಿಸಿಕೊಳ್ಳುವುದು. ಆದಕಾರಣ, ಜನಸಂದಣಿ ಕಡಮೆಯಾಗುವ ನಡುಹಗಲಿನಲ್ಲಿ ಸರದಿಯ ಮೇಲೆ ಬಸ್ಸುಗಳನ್ನು ನಿಲ್ಲಿಸಿ ಚಾರ್ಜು ಮಾಡುವ ಏರ್ಪಾಡು ಹೆಚ್ಚಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಹೊಸ ಬಸ್ಸು ಕೊಳ್ಳುವುದಕ್ಕಿಂತ ಇದಕ್ಕೆ ಹಣವೂ ಕಡಮೆ ಸಾಕು.

ಹೀಗೆಂದ ಮಾತ್ರಕ್ಕೆ ನಾವು ವಿದ್ಯುತ್ ಬಸ್ಸಿನ ವಿರೋಧಿಗಳೆಂದು ವಾಚಕರು ಭಾವಿಸಬಾರದು. ಕಲ್ಲಿದ್ದಲಿನ ವಿದ್ಯುತ್ತಿನಿಂದ ಓಡಿದರೂ, ಜನ ತುಂಬಿದ ಒಂದು ಬಸ್ಸು ಅದರ ಬದಲಿಗೆ ಬೀದಿಗಿಳಿಯುವ ಹತ್ತಾರು ಮೋಟಾರುಗಳಿಗಿಂತ ಎಷ್ಟೋ ಮೇಲು.

ಇನ್ನೊಂದು ಮಾತುಂಟು. ನಗರಕ್ಕೆ ಬೇಡವಾದ ಹಳೆಯ ಡೀಸೆಲ್ ಬಸ್ಸುಗಳನ್ನು ಹಳ್ಳಿಯ ಮಾರ್ಗಗಳಿಗೆ ಸಾಗಹಾಕುವ ಯೋಚನೆಯು ಯಾರಿಗಾದರೂ ಬಂದಲ್ಲಿ, ಅದನ್ನು ನಾವು ಒಪ್ಪತಕ್ಕದ್ದಲ್ಲ. ಕನಕಪುರದಿಂದ ಸಂಗಮಕ್ಕೆ ಹೋಗುವ ಈ ದಾರಿಗೂ ಹೊಗೆಯಿಲ್ಲದ ಬಸ್ಸು ಬೇಕೆಂದು ತಾಯಿತಂದೆಗಳು ಸಾರಿಗೆಯ ಅಧಿಕಾರಿಗಳಿಗೆ ಈಗಲೇ ಬರೆದು ತಿಳಿಸುವುದು ಒಳಿತು.